ಅಂಚಿನಲ್ಲಿ ಆಯಿ ಬರೆದದ್ದು

ನವನಗರ, ಹುಬ್ಬಳ್ಳಿ
೧೪ ಆಗಸ್ಟ್ ೨೦೨೪

ಪ್ರೀತಿಯ ಮಗಳು ಧನಶ್ರೀಗೆ ಅವ್ವನ ಆಶೀರ್ವಾದ.

ಹೋದ ವಾರ ನೀನು ಫೋನಿನಲ್ಲಿ ಅಳುತ್ತ ಹೇಳಿದೆ, ಮದುವೆಯಾಗಿ ನಾಲ್ಕು ತಿಂಗಳಾದರೂ ಗಂಡನ ಹತ್ತಿರ ಮಲಗಲು ಹೆದರಿಕೆ, ಪ್ರತಿ ಸಲವೂ ನೋವು ಎಂದು. "ಎಲ್ಲಾರಿಗೂ ಹಂಗ ಇರ್ತದವ್ವಾ, ಸಹಿಸ್ಕೋಬೇಕು" ಎಂದು ನಾನು ಅಂದುಬಿಟ್ಟೆ. ನೀನು ಫೋನ್ ಇಟ್ಟೆ.

ಮೊನ್ನೆ ನಮ್ಮ ಅತ್ತೆಯವರ, ಅಂದರೆ ನಿನ್ನ ಆಯಿಯ ಟ್ರಂಕು ತೆಗೆದೆ. ಅವರು ಹೋಗಿ ವರ್ಷವಾಯಿತಲ್ಲ, ಸೀರೆಗಳನ್ನು ಬಿಸಿಲಿಗೆ ಹಾಕೋಣವೆಂದು. ಇಳಕಲ್ ಸೀರೆಯ ಮಡಿಕೆಯೊಳಗೆ ಒಂದು ಪುಸ್ತಕವಿತ್ತು. ಹೊಸದಾಗಿ ಮದುವೆಯಾದವರಿಗೆಂದು ಯಾರೋ ಡಾಕ್ಟರು ಬರೆದ ಕೈಪಿಡಿ, ೧೯೫೪ರಲ್ಲಿ ಅಚ್ಚಾದದ್ದು. ಶರೀರದ ಚಿತ್ರಗಳೂ ಇವೆ. ಬಾಗಿಲು ಹಾಕಿಕೊಂಡು ಓದಿದೆ, ಈ ಐವತ್ತಾರನೇ ವಯಸ್ಸಿನಲ್ಲಿ!

ಇಂಥ ಗ್ರಂಥಗಳು ನಮ್ಮ ದೇಶದಲ್ಲಿ ಸಾವಿರಾರು ವರ್ಷಗಳಿಂದ ಇವೆ ಎಂದು ಡಾಕ್ಟರು ಮುನ್ನುಡಿಯಲ್ಲಿ ಹೆಮ್ಮೆಪಟ್ಟಿದ್ದಾರೆ. ಅದರ ಅಂಚಿನಲ್ಲಿ ಪೆನ್ಸಿಲಿನ ಗುಂಡನೆಯ ಅಕ್ಷರ: "ಬರೆದವರೆಲ್ಲ ಗಂಡಸರು. ನಮ್ಮನ್ನು ಯಾರೂ ಕೇಳಿಲ್ಲ." ಆಯಿಯ ಕೈಬರಹ! 'ಹೆಂಡತಿಯು ಮೊದಮೊದಲು ನೋವನ್ನು ಸಹಿಸಬೇಕು' ಎಂಬ ಸಾಲನ್ನು ಹೊಡೆದುಹಾಕಿ ಬರೆದಿದ್ದಾರೆ: "ಸುಳ್ಳು. ನೋವಾದರೆ ಅವನು ನಿಲ್ಲಬೇಕು. ಅವಳನ್ನು ಕೇಳಬೇಕು." ನಾಲ್ಕನೇ ಇಯತ್ತೆ ಓದಿದ, ತಲೆಯ ಮೇಲಿನ ಸೆರಗು ಎಂದೂ ಜಾರದ ನನ್ನ ಅತ್ತೆ ರತ್ನವ್ವ!

ತಡೆಯಲಾಗದೆ ಗಬ್ಬೂರಿಗೆ ಹೋದೆ. ನಮ್ಮ ಕಾಳಿನ ಅಂಗಡಿಯ ಹಿತ್ತಲಲ್ಲಿ ಆಯಿಯೊಂದಿಗೆ ಕಾಳು ಆರಿಸುತ್ತಿದ್ದ ಸಾವಕ್ಕ ಇನ್ನೂ ಇದ್ದಾಳೆ. ಪುಸ್ತಕ ಕಂಡದ್ದೇ ಬೊಚ್ಚುಬಾಯಿ ತುಂಬ ನಕ್ಕಳು.

"ರತ್ನವ್ವನೋರು ನಮಗ ಓದಿ ಹೇಳ್ತಿದ್ರು ಅಕ್ಕಾರ. ಗಂಡಸರು ಬಂದ್ರ ಜ್ವಾಳದಾಗ ಹುಗಿದುಬಿಡ್ತಿದ್ರು. ನಾ ಮನಿಗೆ ಹೋಗಿ ನನ್ನ ಗಂಡ ನೀಲಪ್ಪಗ ಹೇಳಿದೆ. ಮೊದಲ ಸಿಟ್ಟಾದ. ಆಮ್ಯಾಗ ಕೇಳಿದ, ಖರೇನ ಕೇಳಿದ."

ಮತ್ತೆ ನನಗೇಕೆ ಹೇಳಲಿಲ್ಲ ಎಂದೆ.

"ನೀವು ಸಾಲಿ ಬಾಯಾರು. 'ಆಕಿಗೆ ಎಲ್ಲಾ ಗೊತ್ತಿರ್ತದ' ಅಂತಿದ್ರು ರತ್ನವ್ವನೋರು."

ಧನು, ನನಗೇನೂ ಗೊತ್ತಿರಲಿಲ್ಲ. ಇಪ್ಪತ್ತೆಂಟು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದೆ, ಆ ಒಂದು ಪಾಠ ಬಂದಾಗ 'ಮನ್ಯಾಗ ಓದ್ಕೋರಿ' ಎಂದು ಪುಟ ತಿರುವಿದೆ. ನಿನಗೆ ನಾನು ಹೇಳಿದ್ದು ತಪ್ಪು. ಸೋಮವಾರ ಬೆಳಗಾವಿಗೆ ಬರುತ್ತೇನೆ, ಹೆಂಗಸರ ಡಾಕ್ಟರ ಹತ್ತಿರ ಕೂಡಿಯೇ ಹೋಗೋಣ. ಪುಸ್ತಕದ ಔಷಧೋಪಚಾರವೆಲ್ಲ ಹಳತಾಗಿದೆ, ನಂಬಬೇಡ. ಆದರೆ ಆಯಿಯ ಮಾತನ್ನು ನಿನ್ನ ಗಂಡ ಬಸವಪ್ರಭು ಅವರಿಗೆ ಓದಿ ಹೇಳು. ಅವರು ಕೇಳದಿದ್ದರೆ ನನ್ನ ಜೊತೆ ಹೊರಟು ಬಾ. ಈ ಮನೆ ನಿನ್ನದೇ.

ನಿನ್ನ ಅವ್ವ,
ನಾಗರತ್ನಾ

ತಾ.ಕ.: ಆ ಪುಟವನ್ನು ನಿನ್ನ ಅಪ್ಪನಿಗೂ ಓದಿ ಹೇಳಿದೆ. ಪುಸ್ತಕ ಇಸಿದುಕೊಂಡು ಆ ಸಾಲನ್ನು ತಾವೇ ಮತ್ತೊಮ್ಮೆ ಓದಿದರು. ಆಮೇಲೆ, "ನಾಗೂ, ನಿನಗೂ ನೋಯ್ತಿತ್ತೇನು?" ಎಂದರು. ಮದುವೆಯಾಗಿ ಮೂವತ್ತೊಂದು ವರ್ಷವಾದ ಮೇಲೆ ಮೊದಲ ಸಲ "ಹೌದ್ರಿ" ಎಂದೆ.