ಸನ್ನಿಗೆ ವಯಸ್ಸೆಂದು ಹೆಸರಿಟ್ಟವರಿಗೆ

ಆಸ್ಪತ್ರೆಯ ವೈದ್ಯಕೀಯ ಅಧೀಕ್ಷಕರೇ, ಮಾನ್ಯರೇ,

ನನ್ನ ತಾಯಿ ಸೊಂಟದ ಮೂಳೆ ಮುರಿದುಕೊಂಡು ನಿಮ್ಮಲ್ಲಿಗೆ ಬಂದರು, ಬುದ್ಧಿ ಕೆಟ್ಟವರೆಂಬ ಹಣೆಪಟ್ಟಿ ಹಚ್ಚಿಸಿಕೊಂಡು ಮನೆಗೆ ಹೋದರು. ಮೂಳೆಯನ್ನು ಚೆನ್ನಾಗಿ ಕೂಡಿಸಿದ್ದೀರಿ, ಅದಕ್ಕೆ ಕೃತಜ್ಞಳು. ಹಣೆಪಟ್ಟಿಯನ್ನು ಮಾತ್ರ ಇಂದಿಗೂ ಕಿತ್ತಿಲ್ಲ. ಈಗ ಅವರ ಕಣ್ಣಿನ ಪೊರೆ ತೆಗೆಸಬೇಕಾಗಿದೆ. ಅದಕ್ಕೆ ಒಪ್ಪಿಗೆ ಕೊಡಲು ತಾಯಿಯ ಸಹಿ ನಡೆಯುವುದಿಲ್ಲ, ಮಕ್ಕಳದೇ ಬೇಕು ಎಂದು ನಿಮ್ಮವರು ಹೇಳುತ್ತಿದ್ದಾರೆ. ಯಾಕೆ ಎಂದು ನಿಮ್ಮ ಕಚೇರಿಗೆ ಬಂದು ಕೇಳಿದೆ, ಬರೆದು ಕೇಳಿದೆ. ಉತ್ತರ ಬರಲಿಲ್ಲ. ಆದ್ದರಿಂದ ಊರೆಲ್ಲ ಓದುವ ಹಾಗೆ ಕೇಳುತ್ತಿದ್ದೇನೆ.

ನಾನು ಸಂಶಯದ ಪ್ರಾಣಿ ಎಂದು ಮೊದಲೇ ಹೇಳಿಬಿಡುತ್ತೇನೆ, ನಿಮಗೆ ಹೇಳುವ ಕಷ್ಟ ತಪ್ಪಲಿ. ಅಂಗಡಿಗಳ ತೂಕದ ಯಂತ್ರಗಳನ್ನು ಪರೀಕ್ಷಿಸುವುದು ನನ್ನ ಉದ್ಯೋಗ. ಒಂದು ತಕ್ಕಡಿ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಪ್ಪು ತೋರಿಸಿದರೆ ಅದು ಕೆಟ್ಟಿದೆ ಎನ್ನುತ್ತೇವೆ. ಯಾವಾಗಲೂ ಅಂಗಡಿಯವನ ಲಾಭಕ್ಕೇ ತಪ್ಪು ತೋರಿಸಿದರೆ ಬೇರೆ ಮಾತು ಹೇಳುತ್ತೇವೆ. ನಿಮ್ಮ ವಾರ್ಡಿನಲ್ಲಿ ಏನೇ ಎಡವಟ್ಟಾದರೂ ಮುಳ್ಳು ರೋಗಿಯ ವಯಸ್ಸಿನ ಕಡೆಗೇ ವಾಲುತ್ತಿತ್ತು. ನನ್ನ ಅನುಮಾನ ಶುರುವಾದದ್ದು ಅಲ್ಲಿಂದ.

ತಾಯಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಫಲಕದ ಮೇಲೆ ದೀಪ ಹೊತ್ತಿದ ಕಡೆ ವೈರು ಚುಚ್ಚಿ, ಮಾತು ಮುಗಿದ ಮೇಲೆ ಕಿತ್ತು, ಒಂದು ಕಾಲದಲ್ಲಿ ಇಡೀ ಊರನ್ನು ಮಾತಾಡಿಸಿದವರು. ನಂಬರು ನೆನಪಿಟ್ಟುಕೊಳ್ಳುವುದರಲ್ಲಿ ಎತ್ತಿದ ಕೈ. ಜೊತೆಯವರು ಅವರನ್ನು ಕರೆಯುತ್ತಿದ್ದದ್ದೇ ನಂಬರಮ್ಮ ಎಂದು. ಸ್ನಾನದ ಮನೆಯಲ್ಲಿ ಜಾರಿ ಬಿದ್ದ ದಿನ, ಆಂಬುಲೆನ್ಸಿನಲ್ಲಿ ಹಲ್ಲು ಕಚ್ಚಿ ಮಲಗಿದ್ದಾಗಲೂ, ನನ್ನ ನಂಬರು, ಅಣ್ಣನ ನಂಬರು, ಅತ್ತಿಗೆಯ ಆಫೀಸಿನ ನಂಬರು ಎಲ್ಲವನ್ನೂ ಬಾಯಲ್ಲೇ ಒಪ್ಪಿಸಿದ್ದಾರೆ. ಇಂಥವರನ್ನು ನಿಮ್ಮ ವಶಕ್ಕೆ ಕೊಟ್ಟೆವು. ಕೊಟ್ಟ ಕೂಡಲೇ ನಿಮ್ಮವರು ಮಾಡಿದ ಮೊದಲ ಕೆಲಸವೆಂದರೆ, ಕಳೆದುಹೋದಾವೆಂದು ಅವರ ಕನ್ನಡಕವನ್ನೂ ಕಿವಿಯ ಯಂತ್ರವನ್ನೂ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದು. ಅವು ಕಳೆದುಹೋಗಲಿಲ್ಲ, ನಿಜ. ಕಳೆದುಹೋದವರು ತಾಯಿ.

ಶಸ್ತ್ರಚಿಕಿತ್ಸೆ ಆಗಿ ಒಂದೆರಡು ದಿನ ಕಳೆದಿತ್ತು. ಸಂಜೆ ನಾನು ಮಂಚದ ಹತ್ತಿರ ಹೋದರೆ ತಾಯಿ ನನ್ನನ್ನು ಅಪರಿಚಿತಳಂತೆ ನೋಡಿ, "ಯಾರ ಜೊತೆ ಮಾತಾಡ್ಬೇಕು, ಹೇಳಿ" ಎಂದರು. ತಮಾಷೆ ಎಂದುಕೊಂಡೆ. ಪಕ್ಕದ ಯಂತ್ರ ಜೋರಾಗಿ ಕುಂಯ್ ಎಂದು ದೀಪ ಮಿನುಗಿಸಿತು. "ಇರಿ, ಲೈನ್ ಕೊಡ್ತಾ ಇದೀನಿ" ಎಂದು ಕೈಗೆ ಚುಚ್ಚಿದ್ದ ಡ್ರಿಪ್ಪಿನ ನಳಿಕೆಯನ್ನು ಕಿತ್ತು, ಮಂಚದ ಸರಳಿನಲ್ಲಿ ತೂತು ಹುಡುಕತೊಡಗಿದರು. ಯಂತ್ರ ಕೂಗಿದಾಗಲೆಲ್ಲ ಇದೇ ಕಥೆ. ನಿಮ್ಮ ಸಿಬ್ಬಂದಿಯ ಪಾಲಿಗೆ ಅದು ರಂಪಾಟ, ತಾಯಿಯ ಪಾಲಿಗೆ ಡ್ಯೂಟಿ. ರಂಪಾಟಕ್ಕೆ ಮದ್ದಾಗಿ ಬಟ್ಟೆಯ ಪಟ್ಟಿಯಿಂದ ಅವರ ಎರಡೂ ಕೈಗಳನ್ನು ಮಂಚಕ್ಕೆ ಕಟ್ಟಿದರು.

"ಏನಾಗಿದೆ ಇವರಿಗೆ?" ಎಂದು ವಾರ್ಡಿನ ಹಿರಿಯ ನರ್ಸನ್ನು ಕೇಳಿದೆ.

"ವಯಸ್ಸೆಷ್ಟು?"

"ಎಪ್ಪತ್ತೆಂಟು."

"ಮತ್ತಿನ್ನೇನಮ್ಮ, ವಯಸ್ಸಾಯ್ತಲ್ಲ."

ಮಾನ್ಯರೇ, ಎಪ್ಪತ್ತೆಂಟು ವರ್ಷ ಬಾಗಿಲಾಚೆ ಕಾದು ಕುಳಿತಿದ್ದ ವಯಸ್ಸು ನಿಮ್ಮ ಆಸ್ಪತ್ರೆಯ ಮಂಚ ಸಿಕ್ಕ ಮೇಲೆಯೇ ಒಳಗೆ ಬಂದಿತೇ? ಮುಪ್ಪು ಎನ್ನುವುದು ಸಂಜೆ ಬಂದು ಬೆಳಿಗ್ಗೆ ಹೋಗುತ್ತದೆಯೇ? ಕೇಳಲು ಕಾರಣವಿದೆ. ಬೆಳಿಗ್ಗೆ ಹಿರಿಯ ವೈದ್ಯರು ತಂಡ ಕಟ್ಟಿಕೊಂಡು ಬರುವ ಹೊತ್ತಿಗೆ ತಾಯಿ ಬಹುಪಾಲು ಸರಿಯಾಗಿರುತ್ತಿದ್ದರು. ಹೆಸರು ಕೇಳಿದರೆ ಹೇಳುತ್ತಿದ್ದರು, ನಗುತ್ತಿದ್ದರು. "ಚೆನ್ನಾಗೇ ಇದ್ದಾರಲ್ಲ, ನೀವು ಸುಮ್ನೆ ಗಾಬರಿ ಮಾಡ್ಕೋತೀರಿ" ಎಂದು ಹಿರಿಯ ವೈದ್ಯರು ನನಗೇ ಬುದ್ಧಿ ಹೇಳಿ ಮುಂದಿನ ಮಂಚಕ್ಕೆ ಹೋಗುತ್ತಿದ್ದರು. ಅಂದರೆ ಬೆಳಿಗ್ಗೆ ಮರುಳು ನನಗೆ, ಸಂಜೆ ಮರುಳು ತಾಯಿಗೆ. ನಿಮ್ಮ ಆಸ್ಪತ್ರೆ ಮಾತ್ರ ಎರಡು ಹೊತ್ತೂ ನೆಟ್ಟಗೆ.

ಹೀಗಿರುವಾಗ ತಾಯಿ ಒಂದೇ ಮಾತನ್ನು ಹಿಡಿದು ಕುಳಿತರು. "ಕೇಬಲ್‌ಗೆ ನೀರು ನುಗ್ಗಿದೆ. ಲೈನ್‌ಮನ್‌ನ ಕಳಿಸಿ. ಕೆಳಗಡೆ ತುಂಬಿಹೋಗಿದೆ, ಬೇಗ ಕಳಿಸಿ." ಬಂದವರಿಗೆಲ್ಲ ಹೇಳಿದರು. ಕಸ ಗುಡಿಸುವವರಿಗೂ ಹೇಳಿದರು. ಮಳೆಗಾಲದಲ್ಲಿ ನೆಲದಡಿಯ ಕೇಬಲ್ಲಿಗೆ ನೀರು ನುಗ್ಗಿ ಅರ್ಧ ಊರಿನ ಫೋನು ಸತ್ತುಹೋಗುತ್ತಿದ್ದ ಕಾಲವನ್ನು ಕಂಡವರಲ್ಲವೇ, ಹಳೆಯದೆಲ್ಲ ಹೊರಗೆ ಬರುತ್ತಿದೆ ಎಂದುಕೊಂಡೆವು. ಅಣ್ಣನಂತೂ ಅವರನ್ನು ಸಮಾಧಾನ ಮಾಡಲು ಕಿವಿಯ ಬಳಿ ಬಾಗಿ, "ಲೈನ್‌ಮನ್ ಹೊರಟಿದಾನಮ್ಮ, ದಾರೀಲಿದಾನೆ" ಎಂದ. ತಾಯಿ ಅವನನ್ನೇ ದಿಟ್ಟಿಸಿ, "ನೀವು ಹೀಗೇ ಹೇಳ್ತೀರಿ, ಯಾರೂ ಬರಲ್ಲ" ಎಂದು ಮುಖ ತಿರುಗಿಸಿದರು.

ಕೊನೆಗೆ ಬಂದವರು ಒಬ್ಬ ವೈದ್ಯೆ. ಯಾರೋ ರಜೆ ಹಾಕಿದ್ದರಿಂದ ಬದಲಿಗೆ ಬಂದವರು. ಇದೇ ಮಾತನ್ನು ತಾಯಿ ಅವರಿಗೂ ಹೇಳಿದರು. ಅವರು ನಗಲಿಲ್ಲ. "ಎಲ್ಲಿ ತುಂಬಿದೆ ಅಮ್ಮ, ತೋರ್ಸಿ" ಎಂದು ಕಟ್ಟಿದ ಕೈಗಳನ್ನು ಬಿಚ್ಚಿದರು. ತಾಯಿಯ ಕೈ ನೆಟ್ಟಗೆ ಕಿಬ್ಬೊಟ್ಟೆಗೆ ಹೋಯಿತು. ವೈದ್ಯೆ ಅಲ್ಲಿ ಮುಟ್ಟಿ ನೋಡಿದರು. ಮೂತ್ರಕೋಶ ಕಲ್ಲಿನಂತೆ ಬಿಗಿದುಕೊಂಡಿತ್ತು. ಆಗಾಗ ಸ್ವಲ್ಪ ಸ್ವಲ್ಪ ಹಾಸಿಗೆಯಲ್ಲೇ ಸೋರುತ್ತಿತ್ತು ನೋಡಿ, ಅದಕ್ಕೂ ನಿಮ್ಮ ವಾರ್ಡಿನಲ್ಲಿ ವಯಸ್ಸು ಎಂದೇ ಹೆಸರಿಟ್ಟಿದ್ದರು. ತುಂಬಿ ತುಳುಕುತ್ತಿದ್ದದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಳಿಕೆ ಹಾಕಿ ಮೂತ್ರ ಹೊರಗೆ ಬಿಟ್ಟರು. ತಾಯಿ ಕಣ್ಣು ಮುಚ್ಚಿ, "ಲೈನ್‌ಮನ್ ಬಂದ್ರು" ಎಂದು ನಿಟ್ಟುಸಿರು ಬಿಟ್ಟರು.

ನಿದ್ದೆ ಬರುತ್ತಿಲ್ಲ ಎಂದು ತಾಯಿ ಒಮ್ಮೆ ಅಂದದ್ದಕ್ಕೆ ನಿಮ್ಮವರು ಒಂದು ಮಾತ್ರೆ ಶುರುಮಾಡಿದ್ದರು. ಆ ವೈದ್ಯೆ ಅದನ್ನು ಅಂದೇ ನಿಲ್ಲಿಸಿದರು. ರಕ್ತ ಪರೀಕ್ಷೆ ಮಾಡಿಸಿದರೆ ಉಪ್ಪಿನಂಶವೂ ಇಳಿದಿತ್ತು. ನನ್ನನ್ನು ಕೂರಿಸಿಕೊಂಡು ವಿವರಿಸಿದರು. ಮೆದುಳಿಗೆ ಎಚ್ಚರ ಕೊಡುವ, ಗಮನವನ್ನು ಒಂದೆಡೆ ನಿಲ್ಲಿಸುವ ಅಸೆಟೈಲ್‌ಕೋಲಿನ್ ಎಂಬ ರಾಸಾಯನಿಕವಿದೆಯಂತೆ. ವಯಸ್ಸಾದಂತೆ ಅದು ಕಡಿಮೆಯಾಗಿರುತ್ತದೆ. ಈ ಜಾತಿಯ ಮಾತ್ರೆ ಉಳಿದದ್ದರ ಕೆಲಸವನ್ನೂ ತಡೆಯುತ್ತದೆ. ಮೂತ್ರಕೋಶ ಹಿಂಡಿಕೊಳ್ಳಲು ಬೇಕಾದದ್ದೂ ಅದೇ ರಾಸಾಯನಿಕ. ಹೀಗೆ ಒಂದೇ ಮಾತ್ರೆ ಮೇಲೂ ಬೀಗ ಹಾಕಿತು, ಕೆಳಗೂ ಹಾಕಿತು. ಅದರ ಮೇಲೆ ಶಸ್ತ್ರಚಿಕಿತ್ಸೆಯಿಂದ ಮೈಯಲ್ಲಿ ಎದ್ದ ಉರಿಯೂತದ ಬಿಸಿ ಮೆದುಳಿಗೂ ತಟ್ಟುತ್ತದೆ. ನೋವು, ಕೆಟ್ಟ ನಿದ್ದೆ, ಇಳಿದ ಉಪ್ಪು ಸೇರಿಕೊಳ್ಳುತ್ತವೆ. ಕಣ್ಣು ಕಿವಿ ಕಪಾಟಿನಲ್ಲಿದ್ದರೆ ಕೇಳುವುದೇ ಬೇಡ.

"ಇದಕ್ಕೆ ನಮ್ಮಲ್ಲೇ ಹಳೇ ಹೆಸರಿದೆಯಲ್ಲ, ಸನ್ನಿ ಅಂತ" ಎಂದರು ವೈದ್ಯೆ. "ಕಾರಣ ಹುಡುಕಿ ತೆಗೆದ್ರೆ ಸಾಮಾನ್ಯವಾಗಿ ಇಳಿಯುತ್ತೆ. ಸ್ವಲ್ಪ ದಿನ ಹಿಡಿಯುತ್ತೆ, ತಾಳ್ಮೆ ಇರ್ಲಿ."

ಸನ್ನಿ. ಜಗಳದಲ್ಲಿ ಬಿಟ್ಟರೆ ನಾನು ಎಂದೂ ಬಳಸದ ಪದ. ನಿನಗೇನು ಸನ್ನಿ ಹಿಡಿದಿದೆಯಾ ಎಂದು ಬೈಯುತ್ತೇವೆ. ಆ ಬೈಗುಳದಲ್ಲಿ ನಿಮ್ಮ ವಾರ್ಡಿಗಿಂತ ಹೆಚ್ಚು ವೈದ್ಯಶಾಸ್ತ್ರವಿದೆ, ಮಾನ್ಯರೇ. ಸನ್ನಿ ಹಿಡಿಯುತ್ತದೆ ಎನ್ನುತ್ತೇವೆ. ಹಿಡಿದದ್ದು ಬಿಡಲೂ ಬಹುದು. ವಯಸ್ಸು ಯಾರನ್ನೂ ಹಿಡಿಯುವುದಿಲ್ಲ, ಆದ್ದರಿಂದ ಬಿಡಿಸುವ ಜವಾಬ್ದಾರಿಯೂ ಯಾರ ಮೇಲೂ ಬೀಳುವುದಿಲ್ಲ. ನಿಮ್ಮವರಿಗೆ ಆ ಪದ ಅಷ್ಟೊಂದು ಇಷ್ಟವಾದದ್ದು ಇದಕ್ಕೇ ಇರಬಹುದೇ?

ಸನ್ನಿ ಬಿಟ್ಟಿತು. ಕನ್ನಡಕ, ಕಿವಿಯ ಯಂತ್ರ ವಾಪಸು ಬಂದವು. ದಿನ ಕಳೆದಂತೆ ಸಂಜೆಗಳೂ ತಿಳಿಯಾದವು. ಮನೆಗೆ ಹೊರಡುವ ದಿನ ತಾಯಿ ಪಕ್ಕದ ಮಂಚದವರ ಮಗಳ ನಂಬರನ್ನು ಕೇಳಿ, ಬರೆದುಕೊಳ್ಳದೆ ನೆನಪಿಟ್ಟುಕೊಂಡರು. ಇಷ್ಟಾದ ಮೇಲೂ ನಿಮ್ಮ ಬಿಡುಗಡೆ ಪತ್ರದಲ್ಲಿ ಬಂದದ್ದು "ವಯೋಸಹಜ ಬುದ್ಧಿಭ್ರಮಣೆ". ಮಾತ್ರೆಯ ಸುದ್ದಿಯಿಲ್ಲ, ಮೂತ್ರಕೋಶದ ಸುದ್ದಿಯಿಲ್ಲ. ಮರೆತರೇ, ಮರೆಸಿದರೇ? ಮರೆತಿದ್ದರೆ ಬುದ್ಧಿಭ್ರಮಣೆ ಯಾರದು? ಆ ವೈದ್ಯೆ ಎಲ್ಲಿ ಎಂದು ಕೇಳಿದರೆ ಬೇರೆ ವಿಭಾಗಕ್ಕೆ ಹೋದರು ಎಂದರು. ಹೋದರೇ, ಕಳಿಸಿಬಿಟ್ಟರೇ? ಯಾವ ವಿಭಾಗ ಎಂದರೆ, "ಅದೆಲ್ಲ ನಿಮಗ್ಯಾಕೆ?" ಎಂದರು. ನನಗ್ಯಾಕೆ ಎಂಬುದನ್ನು ಈ ಪತ್ರದಲ್ಲಿ ವಿವರಿಸಿದ್ದೇನೆ ಎಂದು ಭಾವಿಸುತ್ತೇನೆ.

ಈಗ ಕಣ್ಣಿನ ವಿಷಯ. ಎರಡು ತಿಂಗಳ ಹಿಂದೆ ತಾಯಿಯನ್ನು ನಿಮ್ಮ ಕಣ್ಣಿನ ವಿಭಾಗಕ್ಕೆ ಕರೆತಂದೆ. ಮೇಜಿನ ಆಚೆಯ ವೈದ್ಯರು ಹಳೆಯ ಪತ್ರ ಓದಿ, ಎದುರಿಗೆ ಕುಳಿತಿದ್ದ ತಾಯಿಯನ್ನು ಬಿಟ್ಟು ನನ್ನ ಕಡೆ ತಿರುಗಿದರು. "ಅಮ್ಮಂಗೆ ಎಷ್ಟು ದಿನದಿಂದ ಕಾಣ್ತಾ ಇಲ್ಲ? ಆಪರೇಷನ್‌ಗೆ ನೀವು ಒಪ್ಕೋತೀರಾ?"

"ಅವರನ್ನೇ ಕೇಳಿ" ಎಂದೆ.

"ಇಲ್ಲ, ಇದರಲ್ಲಿ ಹೀಗಿದೆಯಲ್ಲ. ನಿಮ್ಮ ಸಹಿನೇ ಬೇಕು."

ಕಿವಿಯ ಯಂತ್ರ ಹಾಕಿಕೊಂಡಿದ್ದ ತಾಯಿಗೆ ಎಲ್ಲವೂ ಕೇಳಿಸಿತು. ಕೋಪ ಮಾಡಿಕೊಳ್ಳಲಿಲ್ಲ. ತಮ್ಮ ಹಳೆಯ ಡ್ಯೂಟಿಯ ದನಿಯಲ್ಲಿ, "ಕೊಡಿ, ಅವಳಿಗೇ ಕೊಡಿ ಲೈನು. ನಂದು ಡೆಡ್ ಆಗಿದೆಯಂತೆ" ಎಂದರು. ನಾನು ಸಹಿ ಮಾಡದೆ ಅವರನ್ನು ಎಬ್ಬಿಸಿಕೊಂಡು ಬಂದೆ. ಅಂದಿನಿಂದ ಅವರು ಕಣ್ಣಿನ ಮಾತೇ ಎತ್ತುತ್ತಿಲ್ಲ. ಪೊರೆ ದಪ್ಪವಾಗುತ್ತಿದೆ, ಈಗ ಬಾಗಿಲ ಚೌಕಟ್ಟನ್ನು ತಡವಿ ಹಿಡಿದು ನಡೆಯುತ್ತಾರೆ. ಮತ್ತೆ ಎಲ್ಲಿ ಬೀಳುತ್ತಾರೋ, ಮತ್ತೆ ಎಲ್ಲಿ ನಿಮ್ಮ ಅದೇ ಮಂಚಕ್ಕೆ ಬರುತ್ತಾರೋ ಎಂದು ನನಗೆ ಭಯವಾಗುತ್ತದೆ.

ಆದ್ದರಿಂದ ನನ್ನ ಒತ್ತಾಯ ಇಷ್ಟೇ. ಆ ಪದವನ್ನು ಹೊಡೆದುಹಾಕಿ, ಸನ್ನಿ ಹಿಡಿದಿತ್ತು, ಇಂಥ ಕಾರಣಕ್ಕೆ ಹಿಡಿದಿತ್ತು, ಕಾರಣ ತೆಗೆದ ಮೇಲೆ ಬಿಟ್ಟಿತು ಎಂದು ಬರೆದುಕೊಡಿ. ಆ ಜಾತಿಯ ಮಾತ್ರೆಯನ್ನು ಅವರಿಗೆ ಮತ್ತೆ ಕೊಡಕೂಡದೆಂದೂ ಬರೆಯಿರಿ. ನಂಬಿಕೆ ಬಾರದಿದ್ದರೆ ನನ್ನನ್ನು ಕೇಳಬೇಡಿ, ನನ್ನ ಮಾತಿಗೆ ಬೆಲೆ ಕೊಡಲೇಬೇಡಿ. ತಾಯಿಗೆ ಫೋನ್ ಮಾಡಿ. ನಿಮ್ಮ ಕಚೇರಿಯ ನಂಬರು ಅವರಿಗೆ ಬಾಯಿಪಾಠ ಬರುತ್ತದೆ. ಅವರ ನಂಬರು ನಿಮ್ಮಲ್ಲಿದೆ. ಈ ಪತ್ರವನ್ನು ಓದಿ ಹೇಳಿದಾಗ ಅವರು, "ಆ ಡಾಕ್ಟರಮ್ಮ ಪಾಪ ಅವರಾಗೇ ಹೋಗಿರ್ಬಹುದು, ನಿಂಗೆ ಎಲ್ಲದರಲ್ಲೂ ಅನುಮಾನ" ಎಂದು ನನ್ನನ್ನು ಬೈದರು. ಆಮೇಲೆ ಫೋನನ್ನು ತಮ್ಮ ಮಗ್ಗುಲಿಗೆ ಎಳೆದುಕೊಂಡು ಕುಳಿತರು. ಇನ್ನೂ ಅಲ್ಲೇ ಕುಳಿತಿದ್ದಾರೆ.

ಇಂತಿ,
ಲೈನಿನಲ್ಲಿ ಕಾಯುತ್ತಿರುವ ತಾಯಿಯ,
ನಿದ್ದೆ ಕೆಟ್ಟರೂ ಮಾತ್ರೆ ನುಂಗಲು ಹೆದರುವ ಮಗಳು