ಶ್ರಾವಣದಲ್ಲಿ ಬಿಟ್ಟ ಎರಡು ಸೂಜಿ

೧೪ ಅಕ್ಟೋಬರ್, ಮಂಗಳವಾರ

ಡಾಕ್ಟರ ಎದುರು ಸುಳ್ಳು ಹೇಳಿ ಬಂದೆ.

ನನ್ನ ಮಗಳು ತ್ರಿವೇಣಿಯ ಕರುಳಿನ ಬೇನೆಗೆ, ಈ ಕ್ರೋನ್ಸ್‌ಗೆ, ಕೊಡುತ್ತಿದ್ದ ಔಷಧ ಈಗ ನಾಟುತ್ತಿಲ್ಲವಂತೆ. ಹದಿನಾರರ ಹುಡುಗಿ, ಮೂವತ್ತನಾಲ್ಕು ಕಿಲೋ. ನಡುವೆ ಸೂಜಿ ತಪ್ಪಿದರೆ ಮೈಯೇ ಔಷಧವನ್ನು ವೈರಿಯೆಂದು ತಿಳಿದು ಹೊಡೆದುಹಾಕುತ್ತದಂತೆ. ಎಂದಾದರೂ ತಪ್ಪಿತ್ತೇ ಎಂದು ನನ್ನನ್ನೇ ಕೇಳಿದರು.

"ಏಕ್‌ಹೀ ನಾಹೀ." ಒಂದೂ ಇಲ್ಲವೆಂದು ಅವರ ಮರಾಠಿಯಲ್ಲೇ, ತಲೆ ಎತ್ತಿಯೇ ಹೇಳಿದೆ.

ಹದಿನೈದು ದಿನಕ್ಕೊಂದು ಸೂಜಿ. ಮನೆಯಲ್ಲಿ ಹಾಕುವವಳು ನಾನೇ. ಶ್ರಾವಣದಲ್ಲಿ ಎರಡು ಬಿಟ್ಟೆ. ತಿಂಗಳಿಡೀ ಪೂಜೆ ನಡೆಯುವ ಮನೆಯಲ್ಲಿ ಸೂಜಿ, ರಕ್ತ ಬೇಡವೆಂದೆ. ಆಗ ಅವಳು ಚೆನ್ನಾಗಿಯೇ ಇದ್ದಳು, ರೊಟ್ಟಿ ತಿನ್ನುತ್ತಿದ್ದಳು. "ಬ್ಯಾಡವ್ವಾ, ಡಾಕ್ಟರು ಬೈತಾರ" ಅಂದಿದ್ದಳು. "ಡಾಕ್ಟರಿಗಿಂತ ದೇವರು ದೊಡ್ಡಾಂವ" ಎಂದು ಬಾಯಿ ಮುಚ್ಚಿಸಿದ್ದೆ.

ಇಂದು ಡಾಕ್ಟರ ಎದುರು ನನ್ನ ಪಕ್ಕದಲ್ಲೇ ಕೂತಿದ್ದವಳು ತುಟಿ ಬಿಚ್ಚಲಿಲ್ಲ. ರಿಕ್ಷಾದಲ್ಲಿ ಧನಕವಡಿಗೆ ಮರಳಿದೆವು. ಮನೆಯ ಮೆಟ್ಟಿಲ ಬಳಿ ಹೊಟ್ಟೆ ಹಿಡಿದು ನಿಂತು, ನಕ್ಕಳು.

"ಭಾಳ ಛಂದ ಸುಳ್ಳು ಹೇಳ್ತೀಯವ್ವಾ. ನಾ ಪರೀಕ್ಷಾದಾಗ ಕಾಪಿ ಹೊಡದಿದ್ರ ಕಾಲ ಮುರೀತಿದ್ದಿ."

"ಮತ್ತ ನೀ ಯಾಕ ಖರೇ ಹೇಳಲಿಲ್ಲ?"

"ನಿನ್ನ ಮಾರಿ ನೋಡಿದೆ. ನೀ ಅಂಜಿದ್ದಿ. ನೀ ಅಂಜಿದ್ದು ನಾ ಎಂದೂ ನೋಡಿದ್ದಿಲ್ಲ."

ಆ ಮಾತು ನನ್ನನ್ನು ಬಿಡುತ್ತಿಲ್ಲ.

ನನ್ನ ಮಾತು ನಂಬಿಯೇ ಡಾಕ್ಟರು ಮುಂದಿನದನ್ನು ನಿರ್ಧರಿಸುತ್ತಾರೆ. ಆಪರೇಶನ್ ಎಂಬ ಮಾತೂ ಬಂತು. ನಾಳೆ ಹತ್ತಕ್ಕೆ ಹೋಗಿ ಹೇಳಲೇಬೇಕು. ಮರಾಠಿಯಲ್ಲಿ ಹೇಗೆ ಆರಂಭಿಸಲಿ? ತಪ್ಪು ನನ್ನದು ಎಂದು ನಾನು ಇದುವರೆಗೆ ಯಾರಿಗೂ, ಯಾವ ಭಾಷೆಯಲ್ಲೂ ಹೇಳಿದವಳಲ್ಲ.