ಕತ್ತರಿ ಮುಟ್ಟಿಸಕೂಡದು

ಮಾರ್ಚ್ 3, ಬೆಳಿಗ್ಗೆ

ಸಲೂನ್ ಬಾಗಿಲು ತೆರೆಯುವ ಮೊದಲೇ ನಾಯಿಯ ಮೈ ಬಾಚಿ ಮುಗಿಸಿದೆ. ಬೆನ್ನು, ಕಾಲು, ಕೊನೆಗೆ ಕಿವಿಯ ಹಿಂದೆ. ಗಂಟು ಬೀಳುವುದು ಅಲ್ಲೇ. ಮಿಸುಕಲಿಲ್ಲ! ಇಷ್ಟು ವರ್ಷದಲ್ಲಿ ನನ್ನ ಒಬ್ಬ ಗಿರಾಕಿಯೂ ಹೀಗೆ ಕೂತವನಲ್ಲ. ಸಾಫ್ಟ್ ಕೋಟೆಡ್ ವೀಟನ್ ಟೆರಿಯರ್ — ಮೇಷ್ಟ್ರು ಹೇಳಿಕೊಟ್ಟ ತಳಿಯ ಹೆಸರು. ನನ್ನ ನಾಲಿಗೆಗೆ ಎಲ್ಲಿ ಹೊರಳಬೇಕು? ಮೈ ಬಣ್ಣ ಮಾಗಿದ ಗೋಧಿಯದು. ಗೋಧಿ ಅಂತಲೇ ಕರೆಯುತ್ತೇನೆ.

ಸಂಗೀತದ ಮೇಷ್ಟ್ರು ನನ್ನ ಹಳೇ ಗಿರಾಕಿ. ಮಗಳ ಮನೆಗೆ ಹೋಗುತ್ತಿದ್ದಾರೆ, ಅಲ್ಲಿ ನಾಯಿ ಸಾಕುವ ಹಾಗಿಲ್ಲ ಅಂತ ನಿನ್ನೆ ನಮ್ಮ ಮನೆಯಲ್ಲಿ ಬಿಟ್ಟುಹೋದರು. "ಹದಿನೈದನೇ ತಾರೀಕು ಬಂದು ನೋಡ್ತೀನಿ ಕಣಯ್ಯಾ. ಸರಿ ಅನ್ನಿಸಿದ್ರೆ ನಿನ್ನದೇ. ಇಲ್ಲಾಂದ್ರೆ ನನ್ನ ಶಿಷ್ಯೆ ಒಬ್ಬಳು ಕೇಳ್ತಿದಾಳೆ, ಅವಳಿಗೆ ಕೊಡ್ತೀನಿ," ಎಂದಿದ್ದಾರೆ. ಕಂಡೀಷನ್ ಒಂದೇ. ದಿನಾ ಬಾಚಬೇಕು, ಕತ್ತರಿ ಮುಟ್ಟಿಸಕೂಡದು.

ಕ್ಷೌರಿಕನಿಗೆ ಹೇಳುವ ಮಾತೇ ಇದು? ಬೆಕ್ಕಿನ ಮುಂದೆ ಹಾಲಿಟ್ಟು ಮೂಸಬೇಡ ಎಂದ ಹಾಗೆ! ಆದರೂ ಸೈ. ಈ ನಾಯಿ ನನಗೆ ಬೇಕು. ಬೇಕೇ ಬೇಕು.

ಮಾರ್ಚ್ 3, ಸಂಜೆ

ಮನೆಯವಳ ಮುಖ ಇನ್ನೂ ಊದಿಕೊಂಡೇ ಇದೆ. "ಅದು ಅಡುಗೆಮನೆಗೆ ಕಾಲಿಟ್ರೆ ನಾನು ಬೀದಿಗೆ ಕಾಲಿಡ್ತೀನಿ, ನೋಡ್ಕೊಳ್ಳಿ." ಮೇಷ್ಟ್ರ ಎದುರಿಗೂ ಇದನ್ನೇ ಅಂದಿದ್ದಳು ಪುಣ್ಯಾತ್ಗಿತ್ತಿ. ಅಷ್ಟರಲ್ಲಿ ಗೋಧಿ ಓಡಿಬಂದು ಬಕೆಟ್ಟಿಗೆ ಢೀ! ನೆಲವೆಲ್ಲ ನೀರು. ಮುಂಗೂದಲು ಮೂಗಿನವರೆಗೆ ಇಳಿಬಿದ್ದಿದೆ, ಪಾಪ, ಏನು ಕಂಡೀತು? "ಕುರುಡು ನಾಯೀನ ಕಟ್ಕೊಂಡು ಬಂದಿದೀರಾ," ಎಂದು ಶುರು ಮಾಡಿದಳು. ನಾನೂ ಗೋಧಿಯೂ ಬಾಯಿ ಮುಚ್ಚಿಕೊಂಡು ನೆಲ ಒರೆಸಿದೆವು. ಅಂದರೆ ನಾನು ಒರೆಸಿದೆ, ಗೋಧಿ ನೆಕ್ಕಿತು.

ಮಾರ್ಚ್ 6

ಪಾರ್ಕಿನಲ್ಲಿ ಮಕ್ಕಳು ಮುತ್ತಿಕೊಂಡವು. ಒಂದು ಪುಟ್ಟಿ ಬಾಲ ಹಿಡಿದು ಜಗ್ಗಿದಳು, ನನ್ನ ಜೀವ ಬಾಯಿಗೆ ಬಂತು. ಗೋಧಿ ತಿರುಗಿ ಅವಳ ಕೆನ್ನೆ ನೆಕ್ಕಿತು, ಅಷ್ಟೇ! ಎಂಥ ಸಾಧು ಪ್ರಾಣಿ! ಬರುತ್ತಾ ದಾರಿಯಲ್ಲಿ ಸಿಕ್ಕವರಿಗೆಲ್ಲ ನಾನೇ ನಿಲ್ಲಿಸಿ ಹೇಳಿದೆ.

ಬೆರಳು ಮಾತ್ರ ತುರಿಸುತ್ತಿವೆ. ಆ ಮುಂಗೂದಲು... ಒಂದೇ ಒಂದು ಕಚಕ್... ಬೇಡ. ಕೊಟ್ಟ ಮಾತು.

ಮಾರ್ಚ್ 9, ಮಧ್ಯಾಹ್ನ

ಅಯ್ಯೋ! ಅಯ್ಯಯ್ಯೋ!

ಊಟಕ್ಕೆ ಮನೆಗೆ ಬಂದರೆ ಗೋಧಿಯ ಹಣೆ ಇಲಿ ಕಚ್ಚಿದ ಚಾಪೆ. ಎಡಗಣ್ಣು ಕಾಣುತ್ತಿದೆ, ಬಲಗಣ್ಣು ಅರ್ಧ. ಪಕ್ಕದಲ್ಲಿ ಮನೆಯವಳು, ಕೈಯಲ್ಲಿ ಅಡುಗೆಮನೆಯ ಕತ್ತರಿ.

"ಬೆಳಿಗ್ಗೆಯಿಂದ ಮೂರು ಸಲ ಗೋಡೆಗೆ ಗುದ್ದಿಕೊಳ್ತು ರೀ. ನೋಡೋಕಾಗ್ಲಿಲ್ಲ ನನಗೆ."

ಮೇಷ್ಟ್ರಿಗೆ ಏನು ಹೇಳಲಿ? ಅದಿರಲಿ — ಕ್ಷೌರಿಕನ ಮನೆಯಲ್ಲಿ ಇಂಥ ಕಟಿಂಗ್!

ಮಾರ್ಚ್ 9, ಸಂಜೆ

ಸ್ವಲ್ಪ ಸಮ ಮಾಡೋಣ ಅಂತಷ್ಟೇ ಕೂತೆ. ಬಲಗಡೆ ಸರಿ ಮಾಡಿದರೆ ಎಡಗಡೆ ಉದ್ದ. ಎಡಗಡೆ ಸರಿ ಮಾಡಿದರೆ ಬಲಗಡೆ. ಹಣೆ ಮುಗಿಯಿತು, ಕೆನ್ನೆ ದಪ್ಪ ಕಂಡಿತು. ಕೆನ್ನೆಯಾಯಿತು, ಕತ್ತು. ಕೈ ನಿಲ್ಲಲೇ ಇಲ್ಲ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ. ಕಾಲಡಿ ರಾಶಿ ಗೋಧಿ ಬಣ್ಣ. ಕುರ್ಚಿಯ ಮೇಲೆ ಬೋಳು ತಲೆಯ ಪ್ರಾಣಿಯೊಂದು ಬಾಲ ಅಲ್ಲಾಡಿಸುತ್ತಿದೆ.

ಹೋಯಿತು. ನಾಯಿ ಹೋಯಿತು.

ಮಾರ್ಚ್ 13

ಮೂರು ದಿನ ಬರೆಯಲು ಮನಸ್ಸಾಗಲಿಲ್ಲ. ಇವತ್ತು ಬರೆಯದೆ ಇರಲಾರೆ!

ಚೆಂಡು ಎಸೆದೆ. ಗಾಳಿಯಲ್ಲೇ ಹಿಡಿಯಿತು! ಬಾಗಿಲು ದಾಟುವಾಗ ಢೀ ಇಲ್ಲ, ಬಕೆಟ್ ಬೀಳಲಿಲ್ಲ. ಕಂದು ಕಣ್ಣು ನೆಟ್ಟು ನನ್ನನ್ನೇ ನೋಡಿತು. ಇನ್ನೆರಡೇ ದಿನ. ಇಷ್ಟು ಹಚ್ಚಿಕೊಳ್ಳಬಾರದಿತ್ತು.

ಮಾರ್ಚ್ 15

ಮೇಷ್ಟ್ರು ಬಂದರು. ನೋಡಿದರು. ಗೋಧಿ ಹಾರಿ ಹಾರಿ ಅವರ ಕೈ ನೆಕ್ಕಿತು. ಅವರು ಕುಕ್ಕರಗಾಲಲ್ಲಿ ಕೂತು ಆ ಬೋಳು ಹಣೆ ಸವರಿದರು.

"ಕತ್ತರಿ ಬೇಡ ಅಂದಿದ್ದೆ."

ನಾನು ಬಾಯಿ ತೆರೆಯುವಷ್ಟರಲ್ಲಿ ಮನೆಯವಳು ಅಡ್ಡ ಬಂದು ನಿಂತಳು. "ಮೊದಲು ಕತ್ತರಿ ಹಾಕಿದ್ದು ನಾನು ಮೇಷ್ಟ್ರೇ. ಮಗೂಗೆ ದಾರಿ ಕಾಣ್ತಿರ್ಲಿಲ್ಲ. ಬೈಯೋದಿದ್ರೆ ನನ್ನ ಬೈರಿ. ಆದ್ರೆ ಕರ್ಕೊಂಡು ಮಾತ್ರ ಹೋಗ್ಬೇಡಿ." ಹೇಳುತ್ತಲೇ ಕಣ್ಣೀರು! ನನ್ನ ಕಣ್ಣನ್ನೇ ನಂಬಲಾಗಲಿಲ್ಲ.

ಮೇಷ್ಟ್ರು ಅವಳನ್ನೇ ನೋಡಿದರು. ಆಮೇಲೆ ನಕ್ಕರು. "ಕೂದಲು ಬೆಳೆಯುತ್ತಮ್ಮಾ. ಇವನು ಇಟ್ಕೊಳ್ತಾನೆ ಅಂತ ಗೊತ್ತಿತ್ತು. ನನಗೆ ಚಿಂತೆ ಇದ್ದದ್ದು ನಿಮ್ಮದು."

ಚೀಲದಿಂದ ಗೋಧಿಯ ಹಳೇ ಕಂಬಳಿ ತೆಗೆದು ಅವಳ ಕೈಗೇ ಕೊಟ್ಟರು. ಹೋಗುವಾಗ ಗೋಧಿಯ ಕಿವಿಯಲ್ಲಿ ಏನೋ ಗುನುಗಿದರು, ತಿರುಗಿ ನೋಡಲಿಲ್ಲ. ಪಾಪ, ಅವರಿಗೆ ಹೇಗಾಗಿರಬೇಡ.

ನಮ್ಮದು! ಗೋಧಿ ನಮ್ಮದು!

ಅಡುಗೆಮನೆಯಿಂದ ಕೂಗು. "ಬಾರೋ ಕಂದಾ, ತಟ್ಟೆ ಹಾಕಿದೀನಿ!" ಮದುವೆಯಾದಾಗಿನಿಂದ ಒಂದು ದಿನವೂ ನನ್ನನ್ನು ಹೀಗೆ ಕರೆದವಳಲ್ಲ. ಆದರೂ ಎದ್ದೆ. ನನಗಿಂತ ಮೊದಲೇ ಗೋಧಿ ಎದ್ದು ಅಡುಗೆಮನೆ ಸೇರಿತ್ತು.